ತಿರುಗದ ಮೋಟಾರು

ಏಳನೆಯ ತರಗತಿಯ ಹುಡುಗನೊಬ್ಬನು ಒಂದು ಭಾನುವಾರ ಮಧ್ಯಾಹ್ನ ಹೊಳೆನರಸೀಪುರದ ತನ್ನ ಮನೆಯ ಜಗಲಿಯ ಮೇಲೆ ಕುಳಿತು ಪುಟ್ಟದೊಂದು ವಿದ್ಯುತ್ ಮೋಟಾರನ್ನು ಕಟ್ಟುತ್ತಿದ್ದನು. ಶಾಲೆಯ ವಿಜ್ಞಾನ ವಸ್ತುಪ್ರದರ್ಶನಕ್ಕೆ ಅದನ್ನು ಒಯ್ಯಬೇಕಾಗಿತ್ತು. ಬೇಕಾದ ಸಾಮಗ್ರಿ ಹೆಚ್ಚೇನೂ ಇಲ್ಲ: ಒಂದು ಟಾರ್ಚಿನ ಸೆಲ್ಲು, ಎರಡು ಸೇಫ್ಟಿ ಪಿನ್ನು, ಕೆಟ್ಟ ಧ್ವನಿವರ್ಧಕದಿಂದ ಬಿಚ್ಚಿ ತೆಗೆದ ಒಂದು ಅಯಸ್ಕಾಂತ, ಎನಾಮಲ್ ಲೇಪವಿರುವ ತಾಮ್ರದ ತಂತಿ ಒಂದು ಮಾರು. ತಂತಿಯನ್ನು ಸೆಲ್ಲಿನ ಮೈಗೆ ಹತ್ತು ಹನ್ನೆರಡು ಸುತ್ತು ಸುತ್ತಿ ಸುರುಳಿ ಮಾಡಿ, ಅದರ ಎರಡು ತುದಿಗಳನ್ನು ಎಡಕ್ಕೂ ಬಲಕ್ಕೂ ಚಾಚಿ, ಪಿನ್ನುಗಳ ಕಣ್ಣಿನಲ್ಲಿ ತೂರಿಸಿ, ಪಿನ್ನುಗಳನ್ನು ಸೆಲ್ಲಿನ ಎರಡು ಕೊನೆಗಳಿಗೆ ತಾಗುವಂತೆ ಕಟ್ಟಬೇಕು. ಅಯಸ್ಕಾಂತವನ್ನು ಸುರುಳಿಯ ಕೆಳಗಿಟ್ಟು ಬೆರಳಿನಿಂದ ಮೆಲ್ಲಗೆ ತಟ್ಟಿದರೆ ಸುರುಳಿ ಗಿರಗಿರನೆ ತಿರುಗಬೇಕು. ತಿರುಗಲಿಲ್ಲ.

ಹುಡುಗ ಮತ್ತೆ ತಟ್ಟಿದನು. ಸೆಲ್ಲನ್ನು ಬದಲಾಯಿಸಿದನು. ಅಯಸ್ಕಾಂತವನ್ನು ಮಗುಚಿ ಇಟ್ಟನು. ಒಂದು ಗಂಟೆ ಹೀಗೆಯೇ ಕಳೆಯಿತು. ಊಟಕ್ಕೆ ಬಾ ಎಂದು ತಾಯಿ ಮೂರನೆಯ ಸಲ ಕರೆದಾಗ ಅವನು ಸುರುಳಿಯನ್ನು ಕಿತ್ತು ಬೀದಿಗೆ ಎಸೆದು, "ನನ್ನ ಕೈಲಿ ಏನೂ ಆಗಲ್ಲ" ಎಂದು ಕೂಗಿ ಒಳಕ್ಕೆ ಹೋದನು. ಆ ಹುಡುಗ ನನ್ನ ಅಕ್ಕನ ಮಗ. ಭೌತಶಾಸ್ತ್ರದ ಅಧ್ಯಾಪಕನಾದ ಅವನ ಸೋದರಮಾವ ಅಲ್ಲಿಯೇ ಕುರ್ಚಿಯಲ್ಲಿ ಕುಳಿತು ಪತ್ರಿಕೆ ಓದುತ್ತಿದ್ದನು.

ಆಮೇಲೆ ಆ ಮಾವ ಮಾಡಿದ್ದು ತಪ್ಪು. ನಾನು ಬೀದಿಗಿಳಿದು ಸುರುಳಿಯನ್ನು ಹುಡುಕಿ ತಂದು, ಹಳೆಯ ಬ್ಲೇಡಿನಿಂದ ತಂತಿಯ ತುದಿಗಳ ಎನಾಮಲನ್ನು ಹೆರೆದು, ಬಾಗಿದ್ದನ್ನು ನೆಟ್ಟಗೆ ಮಾಡಿ, ಪಿನ್ನುಗಳಲ್ಲಿ ಕೂರಿಸಿ ತಟ್ಟಿದೆ. ಮೋಟಾರು ತಿರುಗಿತು. ಊಟ ಮುಗಿಸಿ ಬಂದ ಹುಡುಗನಿಗೆ ಹೆಮ್ಮೆಯಿಂದ ತೋರಿಸಿದೆ. ಅವನು ಕ್ಷಣಕಾಲ ನೋಡಿ, "ಅದು ನೀವು ಮಾಡಿದ್ದು ತಾನೆ" ಎಂದು ಹೇಳಿ ಹೊರಗೆ ಹೋದನು. ನಾನು ಸಂಜೆಯ ಗಾಡಿಗೆ ಹಾಸನಕ್ಕೆ ಹಿಂತಿರುಗಿದೆ. ಬುಧವಾರ ಅಕ್ಕ ದೂರವಾಣಿಯಲ್ಲಿ, "ಪ್ರದರ್ಶನಕ್ಕೆ ಬರಲ್ಲ ಅಂತ ಟೀಚರಿಗೆ ಹೇಳಿ ಹೆಸರು ತೆಗೆಸಿ ಬಂದಿದಾನೆ ಕಣೋ. ವಿಜ್ಞಾನದ ಪುಸ್ತಕ ಮುಟ್ಟುತ್ತಾ ಇಲ್ಲ. ನೀನು ಏನು ಮಾಡಿ ಹೋದೆ?" ಎಂದಳು.

ಈ ಪತ್ರಿಕೆಯನ್ನು ಓದುವ ನಿಮ್ಮಲ್ಲಿ ಹಲವರ ಮನೆಯಲ್ಲಿ ಇಂಥ ತಮ್ಮನೋ ತಂಗಿಯೋ ಇರಬಹುದು. ಹಿಂದೆ ಮಿಡ್ಲ್ ಸ್ಕೂಲು ಎನ್ನುತ್ತಿದ್ದ, ಈಗ ಹಿರಿಯ ಪ್ರಾಥಮಿಕ ಎನ್ನಿಸಿಕೊಂಡಿರುವ ತರಗತಿಗಳ ಮಕ್ಕಳಿಗೆ ಪಾಠ ಹೇಳಿಕೊಡುವ ಹೊಣೆ ನಮ್ಮ ಜಿಲ್ಲೆಯ ಅನೇಕ ಮನೆಗಳಲ್ಲಿ ಕಾಲೇಜಿಗೆ ಹೋಗುವ ಅಕ್ಕನ ಅಥವಾ ಅಣ್ಣನ ಪಾಲಿಗೆ ಬಂದಿರುತ್ತದೆ. ಆದುದರಿಂದ ನನ್ನ ತಪ್ಪಿನ ವಿಚಾರ ನಿಮಗೆ ಉಪಯೋಗಕ್ಕೆ ಬಂದೀತು.

ಬೇಕೆಂಬ ಆಸೆಯಿದ್ದು, ಅದಕ್ಕಾಗಿ ಯತ್ನವೂ ನಡೆದು, ಗುರಿಗೂ ನಮಗೂ ನಡುವೆ ಅಡ್ಡಿಯೊಂದು ನಿಂತಾಗ ಮನಸ್ಸಿಗೆ ಒದಗುವ ಸ್ಥಿತಿಯನ್ನು ಮನಶ್ಶಾಸ್ತ್ರದಲ್ಲಿ ಆಶಾಭಂಗ ಎಂದು ಕರೆಯಬಹುದು. ಆಡುಮಾತಿನಲ್ಲಿ ಇದಕ್ಕೆ ಇನ್ನೂ ಹತ್ತಿರದ ಮಾತಿದೆ: ರೋಸಿಹೋಗುವುದು. ಇದು ನಿರಾಶೆಯಲ್ಲ. ನಿರಾಶನಾದವನು ಆಸೆಯನ್ನೇ ಬಿಟ್ಟಿರುತ್ತಾನೆ; ರೋಸಿಹೋದವನಿಗೆ ಆಸೆ ಇನ್ನೂ ಉಳಿದಿರುತ್ತದೆ, ಉಳಿದಿರುವುದರಿಂದಲೇ ಅವನು ರೋಸಿಹೋಗುತ್ತಾನೆ. ತಿರುಗಿದರೆಷ್ಟು ಬಿಟ್ಟರೆಷ್ಟು ಎನ್ನುವ ಹುಡುಗ ಸುರುಳಿಯನ್ನು ಬೀದಿಗೆ ಎಸೆಯುವುದಿಲ್ಲ. ಭಾನುವಾರ ಅವನು ರೋಸಿಹೋಗಿದ್ದನು. ಬುಧವಾರದ ಹೊತ್ತಿಗೆ ನಿರಾಶನಾಗಿದ್ದನು. ನಡುವೆ ನಡೆದದ್ದು ನನ್ನ ಉಪಕಾರ.

೧೯೩೯ರಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಜಾನ್ ಡಾಲರ್ಡ್ ಮತ್ತು ಅವರ ನಾಲ್ವರು ಸಂಗಡಿಗರು ಆಶಾಭಂಗವನ್ನು ಕುರಿತು ಒಂದು ಪುಸ್ತಕವನ್ನು ಹೊರತಂದರು. ಎಲ್ಲ ಆಕ್ರಮಣಕ್ಕೂ ಮೂಲದಲ್ಲಿ ಆಶಾಭಂಗವಿದೆ, ಆಶಾಭಂಗವಾದಲ್ಲಿ ಆಕ್ರಮಣ ಯಾವುದಾದರೊಂದು ರೂಪದಲ್ಲಿ ಬಂದೇ ಬರುತ್ತದೆ ಎಂಬುದು ಅವರ ವಾದ. ಎರಡೇ ವರ್ಷಗಳಲ್ಲಿ, ಆ ಐವರಲ್ಲಿ ಒಬ್ಬರಾದ ನೀಲ್ ಮಿಲ್ಲರ್ ಅವರೇ ಇದನ್ನು ತಿದ್ದಿ, ಆಶಾಭಂಗ ಹಲವು ಬಗೆಯ ವರ್ತನೆಗಳನ್ನು ಎಬ್ಬಿಸುತ್ತದೆ, ಸಿಟ್ಟು ಅವುಗಳಲ್ಲಿ ಒಂದು ಮಾತ್ರ ಎಂದು ಬರೆದರು. ಈ ತಿದ್ದುಪಡಿ ನಮಗೆ ಮುಖ್ಯ. ಪುಸ್ತಕವನ್ನು ಎಸೆಯುವ ಮಗುವನ್ನು ಎಲ್ಲರೂ ಗಮನಿಸುತ್ತಾರೆ. ಹೊಟ್ಟೆನೋವು ಎಂದು ಮಲಗುವ ಮಗು, ನೀರು ಕುಡಿಯಲು ಹತ್ತು ಸಲ ಏಳುವ ಮಗು, ಎಲ್ಲ ಗೊತ್ತು ಎಂದು ಪುಟ ಮಗುಚುವ ಮಗು ಇವರೂ ಅದೇ ಅಡ್ಡಿಯ ಮುಂದೆ ನಿಂತಿರಬಹುದೆಂದು ಯಾರಿಗೂ ತೋರುವುದಿಲ್ಲ.

ಇನ್ನೊಂದು ಪ್ರಯೋಗವೂ ಅದೇ ಕಾಲದ್ದು. ರೋಜರ್ ಬಾರ್ಕರ್, ತಮಾರಾ ಡೆಂಬೊ ಮತ್ತು ಕುರ್ಟ್ ಲೆವಿನ್ ಎಂಬ ವಿಜ್ಞಾನಿಗಳು ಅಯೋವಾದಲ್ಲಿ ಎರಡರಿಂದ ಐದು ವರ್ಷದ ಮಕ್ಕಳನ್ನು ಮೊದಲು ಸಾಧಾರಣ ಆಟಿಕೆಗಳೊಡನೆ ಆಡಲು ಬಿಟ್ಟರು. ಬಳಿಕ ಅತ್ಯಂತ ಸೊಗಸಾದ ಆಟಿಕೆಗಳ ರುಚಿ ತೋರಿಸಿದರು. ಆಮೇಲೆ ಅವುಗಳಿಗೂ ಮಕ್ಕಳಿಗೂ ನಡುವೆ ತಂತಿಬಲೆಯ ತಡಿಕೆಯನ್ನು ಇಳಿಬಿಟ್ಟರು. ಸೊಗಸಾದ ಆಟಿಕೆಗಳು ಕಣ್ಣಿಗೆ ಕಾಣುತ್ತಿವೆ, ಕೈಗೆ ಸಿಕ್ಕುತ್ತಿಲ್ಲ. ಆಗ ಮಕ್ಕಳು ತಮ್ಮ ಬಳಿಯಿದ್ದ ಹಳೆಯ ಆಟಿಕೆಗಳೊಡನೆ ಸಹ ಮೊದಲಿನಷ್ಟು ಜಾಣತನದಿಂದ ಆಡಲಿಲ್ಲ. ಆಟದ ಮಟ್ಟವನ್ನು ಅಳೆದು ನೋಡಿದಾಗ, ಸರಾಸರಿಯಲ್ಲಿ ಅವರು ಸುಮಾರು ೧೭ ತಿಂಗಳು ಚಿಕ್ಕವರಾದಂತೆ ಕಂಡಿತು. ೧೯೪೧ರಲ್ಲಿ ಪ್ರಕಟವಾದ ಈ ಫಲಿತಾಂಶವನ್ನು ನಾನು ನನ್ನ ವಿದ್ಯಾರ್ಥಿಗಳಿಗೆ ಆಗಾಗ್ಗೆ ಹೇಳುತ್ತೇನೆ. ಅಷ್ಟು ದೊಡ್ಡವನಾಗಿ ಹೀಗೆ ಅಳುತ್ತೀಯಲ್ಲ ಎಂದು ನಾವು ಗದರಿಸುವ ಕ್ಷಣದಲ್ಲಿ ಹುಡುಗ ನಿಜಕ್ಕೂ ಅಷ್ಟು ದೊಡ್ಡವನಾಗಿರುವುದಿಲ್ಲ.

ಇದಕ್ಕೆ ದೇಹದ ಕಾರಣವೂ ಉಂಟು. ಆವೇಗವನ್ನು ತಡೆದು, ಮುಂದಿನ ಹೆಜ್ಜೆಯನ್ನು ಯೋಚಿಸಲು ನೆರವಾಗುವ, ಹಣೆಯ ಹಿಂದಿನ ಮಿದುಳಿನ ಭಾಗವು ಇಪ್ಪತ್ತರ ವಯಸ್ಸು ದಾಟಿದ ಮೇಲೂ ಬೆಳೆಯುತ್ತಲೇ ಇರುತ್ತದೆ. ಹನ್ನೆರಡು ಹದಿಮೂರರಲ್ಲಿ ಭಾವಗಳ ರಭಸ ಏರುತ್ತದೆ; ಅದನ್ನು ಹಿಡಿಯುವ ಲಗಾಮು ಇನ್ನೂ ತಯಾರಾಗುತ್ತಿರುತ್ತದೆ. ಕಾಲೇಜಿನಲ್ಲಿರುವ ನಿಮ್ಮದೂ ಪೂರ್ತಿ ತಯಾರಾಗಿಲ್ಲ. ತಮ್ಮನಿಗೆ ಪಾಠ ಹೇಳುವಾಗ ನೀವೇ ರೇಗುವುದಕ್ಕೆ ಇದೂ ಒಂದು ಕಾರಣವಿರಬಹುದು.

ಆದರೆ ಸೋದರಳಿಯನ ಬುಧವಾರವನ್ನು ನನಗೆ ಅರ್ಥಮಾಡಿಸಿದ್ದು ಬೇರೊಂದು ಸಂಶೋಧನೆ. ೧೯೬೭ರಲ್ಲಿ ಮಾರ್ಟಿನ್ ಸೆಲಿಗ್ಮನ್ ಮತ್ತು ಸ್ಟೀವನ್ ಮೇಯರ್ ಎಂಬುವರು ಪೆನ್ಸಿಲ್ವೇನಿಯ ವಿಶ್ವವಿದ್ಯಾಲಯದಲ್ಲಿ ನಾಯಿಗಳ ಮೇಲೆ ನಡೆಸಿದ, ಇಂದು ಓದಿದರೆ ಕರುಳು ಚುರುಕ್ಕೆನ್ನುವ ಪ್ರಯೋಗಗಳನ್ನು ಪ್ರಕಟಿಸಿದರು. ಏನು ಮಾಡಿದರೂ ನಿಲ್ಲದ ವಿದ್ಯುದಾಘಾತವನ್ನು ಅನುಭವಿಸಿದ್ದ ನಾಯಿಗಳಲ್ಲಿ ಹೆಚ್ಚಿನವು, ಆಮೇಲೆ ತಪ್ಪಿಸಿಕೊಳ್ಳಲು ಸುಲಭವಾದ ದಾರಿಯಿದ್ದಾಗಲೂ ಯತ್ನಿಸದೆ ಬಿದ್ದುಕೊಂಡವು. ಅವು ಅಸಹಾಯಕತೆಯನ್ನು ಕಲಿತವು ಎಂದು ಇಬ್ಬರೂ ವಿವರಿಸಿದರು. ಸುಮಾರು ಐವತ್ತು ವರ್ಷಗಳ ನಂತರ, ೨೦೧೬ರಲ್ಲಿ, ಅದೇ ಇಬ್ಬರು ತಮ್ಮ ವಿವರಣೆ ತಲೆಕೆಳಗಾಗಿತ್ತೆಂದು ಒಪ್ಪಿಕೊಂಡರು. ಅಷ್ಟರಲ್ಲಿ ಮಿದುಳಿನ ಅಧ್ಯಯನಗಳು, ಮುಖ್ಯವಾಗಿ ಇಲಿಗಳಲ್ಲಿ, ನಡೆದಿದ್ದವು. ಬಹಳ ಹೊತ್ತಿನ ಬಾಧೆಗೆ ಸೋತು ಕೂರುವುದು ಪ್ರಾಣಿಯ ಸಹಜ ಪ್ರತಿಕ್ರಿಯೆ. ಅದನ್ನು ಯಾರೂ ಕಲಿಯಬೇಕಾಗಿಲ್ಲ. ಕಲಿಯಬೇಕಾದದ್ದು ಹಿಡಿತವನ್ನು, ಎಂದರೆ ನಾನು ಮಾಡಿದ್ದರಿಂದ ಏನೋ ಬದಲಾಯಿತು ಎಂಬುದನ್ನು. ಒಮ್ಮೆ ಇದನ್ನು ಕಂಡುಕೊಂಡ ಪ್ರಾಣಿ ಮುಂದಿನ ಬಾಧೆಯಲ್ಲಿ ಅಷ್ಟು ಸುಲಭವಾಗಿ ಸೋಲುವುದಿಲ್ಲ.

ಇಲಿಯಿಂದ ಹುಡುಗನಿಗೆ ಹಾರುವುದು ದೂರದ ಹಾರಾಟವೆಂದು ನನಗೂ ಗೊತ್ತಿದೆ. ಆದರೂ ಈ ಬೆಳಕಿನಲ್ಲಿ ನಾನು ಮಾಡಿದ್ದನ್ನು ನೋಡಿರಿ. ಅವನು ಒಂದು ಗಂಟೆ ಹೆಣಗಿದನು, ಏನೂ ಬದಲಾಗಲಿಲ್ಲ. ನಾನು ಹತ್ತು ನಿಮಿಷ ಕೈಯಾಡಿಸಿದೆ, ಮೋಟಾರು ತಿರುಗಿತು. ಹಿಡಿತವಿರುವುದು ಮಾವನ ಕೈಯಲ್ಲಿ, ತನ್ನ ಕೈಯಲ್ಲಲ್ಲ ಎಂಬ ಪಾಠವನ್ನು ಇದಕ್ಕಿಂತ ಸ್ಪಷ್ಟವಾಗಿ ಕಲಿಸುವುದು ಕಷ್ಟ.

ಮುಂದಿನ ಭಾನುವಾರ ಹುಡುಗನನ್ನು ಹಾಸನಕ್ಕೆ ಕರೆಸಿಕೊಂಡೆ. ಮೋಟಾರಿನ ಮಾತೆತ್ತದೆ ಸಾಲಗಾಮೆ ರಸ್ತೆಯಲ್ಲಿ ಸುತ್ತಾಡಲು ಹೊರಟೆವು. ಅಲ್ಲಿ ಬಾಹ್ಯಾಕಾಶ ಸಂಸ್ಥೆಯ ಉಪಗ್ರಹ ನಿಯಂತ್ರಣ ಕೇಂದ್ರವಿದೆ. ಊರಿನವರು ಎಂಸಿಎಫ್ ಎನ್ನುತ್ತಾರೆ. ಆಕಾಶಕ್ಕೆ ಮುಖಮಾಡಿದ ದೊಡ್ಡ ದೊಡ್ಡ ಬಾನಿಗಳಂತಹ ಆಂಟೆನಾಗಳು ರಸ್ತೆಯಿಂದಲೇ ಕಾಣುತ್ತವೆ. ನಮ್ಮ ದೇಶದ ಇನ್ಸಾಟ್ ಉಪಗ್ರಹಗಳನ್ನು ನಡೆಸುವ ಸಲುವಾಗಿ ೧೯೮೨ರಲ್ಲಿ ಸ್ಥಾಪಿಸಿದ ಕೇಂದ್ರವಿದು. ಅದರ ಮೊದಲ ವರ್ಷದ ಕಥೆಯನ್ನು ಹುಡುಗನಿಗೆ ಹೇಳಿದೆ.

ಇನ್ಸಾಟ್-೧ಎ ಉಪಗ್ರಹ ೧೯೮೨ರ ಏಪ್ರಿಲ್ ೧೦ರಂದು ಅಮೆರಿಕದಿಂದ ಹಾರಿತು. ಅದನ್ನು ತಯಾರಿಸಿದ್ದು ಅಲ್ಲಿಯ ಕಂಪನಿ; ನಡೆಸಬೇಕಾದವರು ಹಾಸನದವರು. ಅದಕ್ಕೆ ಸೌರಫಲಕವಿದ್ದುದು ಒಂದೇ ಪಕ್ಕದಲ್ಲಿ. ಹವಾಮಾನದ ಚಿತ್ರ ತೆಗೆಯುವ ಉಪಕರಣವನ್ನು ತಂಪಾಗಿಡಲು ಇನ್ನೊಂದು ಪಕ್ಕ ಬರಿಯ ಆಕಾಶವನ್ನು ನೋಡುತ್ತಿರಬೇಕಾಗಿತ್ತು. ಇಲ್ಲಿ ಭೌತಶಾಸ್ತ್ರದ ಒಂದು ಸ್ವಾರಸ್ಯವಿದೆ. ಬೆಳಕು ತಾನು ಬಿದ್ದ ವಸ್ತುವನ್ನು ತಳ್ಳುತ್ತದೆ. ಭೂಮಿಯ ದೂರದಲ್ಲಿ, ಒಂದು ಚದರ ಮೀಟರ್ ಕಪ್ಪು ಹಲಗೆಯ ಮೇಲೆ ಬಿಸಿಲಿನ ಒತ್ತಡ ಸುಮಾರು ಅರ್ಧ ಮಿಲಿಗ್ರಾಂ ತೂಕದಷ್ಟು. ತಕ್ಕಡಿಗೆ ಗೊತ್ತೇ ಆಗದ ಭಾರ. ಆದರೆ ಫಲಕ ಒಂದೇ ಪಕ್ಕದಲ್ಲಿದ್ದರೆ, ಹಿಡಿದು ನಿಲ್ಲಿಸಲು ಗಾಳಿಯೂ ಇಲ್ಲ ನೆಲವೂ ಇಲ್ಲದ ಕಡೆ, ಹಗಲಿರುಳು ಬೀಳುವ ಈ ಒತ್ತಡವೇ ಉಪಗ್ರಹವನ್ನು ಮೆಲ್ಲಮೆಲ್ಲನೆ ತಿರುಚುತ್ತದೆ. ಅದನ್ನು ಸರಿದೂಗಿಸಲು ಇನ್ನೊಂದು ಪಕ್ಕದಲ್ಲಿ ಉದ್ದನೆಯ ಕೋಲಿನ ತುದಿಗೆ ಹಗುರವಾದ ಪಟವೊಂದನ್ನು ಇಟ್ಟಿದ್ದರು. ಮಡಚಿ ಕಳುಹಿಸಿದ್ದ ಆ ಪಟ ಮೇಲೆ ಹೋದಮೇಲೆ ಬಿಚ್ಚಿಕೊಳ್ಳಲೇ ಇಲ್ಲ. ಏಳು ವರ್ಷ ದುಡಿಯಬೇಕಾಗಿದ್ದ ಉಪಗ್ರಹವನ್ನು, ನಿಲುವನ್ನು ತಿದ್ದುವ ಇಂಧನ ಮುಗಿದುಹೋಗಿ, ಅದೇ ವರ್ಷದ ಸೆಪ್ಟೆಂಬರ್ ೬ರಂದು ಕೈಬಿಡಬೇಕಾಯಿತು.

"ಆಮೇಲೆ?" ಎಂದನು ಹುಡುಗ.

ಆಮೇಲೆ ೧೯೮೩ರ ಆಗಸ್ಟ್ ಕೊನೆಯಲ್ಲಿ ಚಾಲೆಂಜರ್ ಬಾಹ್ಯಾಕಾಶ ನೌಕೆ ಇನ್ಸಾಟ್-೧ಬಿ ಉಪಗ್ರಹವನ್ನು ಮೇಲಕ್ಕೆ ಒಯ್ದಿತು. ಈ ಸಲ ಬಿಚ್ಚಿಕೊಳ್ಳದೆ ನಿಂತದ್ದು ಸೌರಫಲಕವೇ. ಒಂದು ವರ್ಷದ ಹಿಂದೆ ಒಂದು ಉಪಗ್ರಹವನ್ನು ಕಳೆದುಕೊಂಡವರ ಮುಂದೆ ಇನ್ನೊಂದು ಹಟ ಹಿಡಿದು ನಿಂತಿದೆ! ಭೂಮಿಯಿಂದ ೩೬,೦೦೦ ಕಿಲೊಮೀಟರ್ ಎತ್ತರಕ್ಕೆ ಏಣಿ ಹಾಕುವಂತಿಲ್ಲ, ಕೈಯಿಂದ ಕುಲುಕಿ ನೋಡುವಂತಿಲ್ಲ. ಉಪಗ್ರಹ ಕಳುಹಿಸುವ ಅಂಕಿಗಳನ್ನು ಓದುವುದು, ಯಾವ ಭಾಗ ಸರಿಯಾಗಿದೆ ಯಾವುದು ಸರಿಯಾಗಿಲ್ಲ ಎಂದು ಬೇರ್ಪಡಿಸುವುದು, ಒಂದು ಆಜ್ಞೆಯನ್ನು ಕಳುಹಿಸಿ ಏನು ಬದಲಾಯಿತೆಂದು ಕಾಯುವುದು, ಇಷ್ಟೇ ಸಾಧ್ಯ. ಹಾಸನದ ಇಂಜಿನಿಯರುಗಳೂ ತಯಾರಕ ಕಂಪನಿಯವರೂ ಸೇರಿ ಸೆಪ್ಟೆಂಬರ್ ಮಧ್ಯದವರೆಗೆ ಹೆಣಗಿದ ಮೇಲೆ ಫಲಕ ಬಿಚ್ಚಿಕೊಂಡಿತು. ಅಕ್ಟೋಬರಿನಲ್ಲಿ ಉಪಗ್ರಹ ಕೆಲಸಕ್ಕೆ ನಿಂತಿತು. ಎಂಬತ್ತರ ದಶಕದಲ್ಲಿ ನಮ್ಮ ಹಳ್ಳಿಗಳ ತನಕ ದೂರದರ್ಶನ ಬಂದದ್ದು ಮುಖ್ಯವಾಗಿ ಇದರ ಬಲದಿಂದ.

ಕಥೆ ಅಲ್ಲಿಗೇ ಸುಖವಾಗಿ ಮುಗಿಯಲಿಲ್ಲ ಎಂಬುದನ್ನೂ ಹುಡುಗನಿಗೆ ಹೇಳಿದೆ. ೧೯೮೮ರ ಜುಲೈಯಲ್ಲಿ ಹೋದ ಇನ್ಸಾಟ್-೧ಸಿ ವಿದ್ಯುತ್ ವ್ಯವಸ್ಥೆಯ ದೋಷದಿಂದ ಅರ್ಧ ಶಕ್ತಿಯನ್ನು ಕಳೆದುಕೊಂಡು ಮರುವರ್ಷ ನಿಂತೇಹೋಯಿತು. ಇನ್ಸಾಟ್-೧ಡಿಗೆ ೧೯೮೯ರಲ್ಲಿ ಹಾರುವ ಮೊದಲೇ ಎತ್ತುಯಂತ್ರದ ಕೊಕ್ಕೆ ಬಡಿದು ಆಂಟೆನಾ ಜಖಂ ಆಯಿತು. ರಿಪೇರಿಗೆಂದು ಕ್ಯಾಲಿಫೋರ್ನಿಯಕ್ಕೆ ಒಯ್ದರೆ ಅದೇ ಅಕ್ಟೋಬರಿನಲ್ಲಿ ಅಲ್ಲಿ ಭೂಕಂಪವಾಗಿ ಮತ್ತೆ ಪೆಟ್ಟು ಬಿದ್ದಿತು. ಇದನ್ನು ಕೇಳಿ ಹುಡುಗ ಆ ವಾರದಲ್ಲಿ ಮೊದಲ ಸಲ ನಕ್ಕನು. ಆ ನತದೃಷ್ಟ ಉಪಗ್ರಹ ೧೯೯೦ರ ಜೂನಿನಲ್ಲಿ ಹಾರಿ ೨೦೦೨ರವರೆಗೆ ದುಡಿಯಿತು.

ದೊಡ್ಡವರ ಸೋಲಿನ ಕಥೆಯನ್ನು ಹೇಳಿದರೆ ಮಕ್ಕಳ ದುಃಖ ಕರಗುತ್ತದೆ ಎಂಬ ನಂಬಿಕೆ ನನಗಿಲ್ಲ. ಮಹಾಪುರುಷರ ಸೋಲುಗಳನ್ನು ಶಾಲೆಯ ಗೋಡೆಗಳ ಮೇಲೆ ಬರೆಯುತ್ತಾರೆ. ಅವನ್ನು ಓದಿ ಯಾರೂ ಭಾಗಾಕಾರ ಕಲಿತದ್ದನ್ನು ನಾನು ಕಾಣೆ. ನನಗೆ ಬೇಕಾಗಿದ್ದುದು ಆ ಕಥೆಯಲ್ಲಿನ ೩೬,೦೦೦ ಕಿಲೊಮೀಟರು. ಕೈಹಾಕಲಾಗದ ದೂರದಲ್ಲಿರುವವನು ಅನಿವಾರ್ಯವಾಗಿ ಕ್ರಮಬದ್ಧನಾಗುತ್ತಾನೆ. ಮಗುವಿನ ಪಕ್ಕದಲ್ಲಿ ಕುಳಿತ ಮಾವನಿಗೋ ಅಕ್ಕನಿಗೋ ಆ ದೂರವಿಲ್ಲದಿರುವುದೇ ತೊಂದರೆ.

ಮನೆಗೆ ಬಂದು ಮೋಟಾರಿನ ಸಾಮಾನನ್ನು ಮೇಜಿನ ಮೇಲೆ ಹರಡಿದೆ. ಹುಡುಗನ ಮುಖ ಮತ್ತೆ ಬಿಗಿಯಿತು. "ನೋಡಿದರೇ ರೋಸಿಹೋಗುತ್ತೆ ಅಲ್ಲವಾ?" ಎಂದು ಕೇಳಿದೆ. ಹೌದೆಂದು ತಲೆಯಾಡಿಸಿದನು. ಇಷ್ಟು ಸಣ್ಣ ಮಾತಿಗೂ ಬೆಲೆಯಿದೆ. ಭಾವಕ್ಕೆ ಹೆಸರು ಕೊಟ್ಟಾಗ ಅದರ ಬಿಸಿ ತುಸು ಇಳಿಯುತ್ತದೆಂದು ೨೦೦೭ರಲ್ಲಿ ಲಾಸ್ ಏಂಜಲೀಸಿನ ಮ್ಯಾಥ್ಯೂ ಲೀಬರ್ಮನ್ ಮತ್ತು ಸಂಗಡಿಗರು ಮಿದುಳಿನ ಚಿತ್ರಗಳಿಂದ ತೋರಿಸಿದರು. ವಯಸ್ಕರಿಗೆ ಸಿಟ್ಟಿನ, ಭಯದ ಮುಖಗಳ ಚಿತ್ರಗಳನ್ನು ತೋರಿಸಿ, ಆ ಭಾವದ ಹೆಸರನ್ನು ಆರಿಸಲು ಹೇಳಿದಾಗ, ಭಯ ಮುಂತಾದುವಕ್ಕೆ ಸ್ಪಂದಿಸುವ ಮಿದುಳಿನ ಒಳಭಾಗದ ಚಟುವಟಿಕೆ ತಗ್ಗಿತ್ತು. ಸಿಟ್ಟು ಮಾಡಿಕೊಳ್ಳಬೇಡ ಎನ್ನುವುದಕ್ಕೂ ಸಿಟ್ಟು ಬಂದಿದೆ ಅಲ್ಲವೇ ಎನ್ನುವುದಕ್ಕೂ ಬಹಳ ಅಂತರವಿದೆ. ಮೊದಲನೆಯದು ಮಗುವಿನ ಮುಂದೆ ಇನ್ನೊಂದು ಅಡ್ಡಿಯನ್ನು ನಿಲ್ಲಿಸುತ್ತದೆ. ಇನ್ನು ಎಸೆದಾಟ ನಡೆದಿರುವ ಹೊತ್ತಿನಲ್ಲಿಯೇ ಇದನ್ನೆಲ್ಲ ಆಡಲು ಹೋಗಬಾರದು. ಎದೆಬಡಿತ ಇಳಿಯಲಿ, ನೀರು ಕುಡಿಯಲಿ, ಊಟದ ಹೊತ್ತಾಗಿದ್ದರೆ ಊಟವಾಗಲಿ. ಹಸಿದ ಹುಡುಗನ ಆಶಾಭಂಗಕ್ಕೆ ಮೊದಲ ಔಷಧ ಮುದ್ದೆ ಸಾರು.

ಆಮೇಲೆ ನಾನು ಕೈಗಳನ್ನು ಬೆನ್ನ ಹಿಂದೆ ಕಟ್ಟಿ ಕುಳಿತೆ. ಇದು ಅಲಂಕಾರದ ಮಾತಲ್ಲ. ಹಾಗೆ ಕಟ್ಟಿಕೊಳ್ಳದಿದ್ದರೆ ಅವು ತಾವಾಗಿಯೇ ಸುರುಳಿಯ ಕಡೆಗೆ ಹೋಗುತ್ತಿದ್ದವು. "ವಿದ್ಯುತ್ತು ಎಲ್ಲಿಯವರೆಗೆ ಬಂದಿದೆ, ಎಲ್ಲಿ ನಿಂತಿದೆ, ಹೇಗೆ ತಿಳಿಯುವುದು?" ಎಂದು ಕೇಳಿದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, ಟಾರ್ಚಿನ ಬಲ್ಬನ್ನು ತಂದು ಸೆಲ್ಲಿಗೂ ಸುರುಳಿಗೂ ನಡುವೆ ಸೇರಿಸಿದನು. ಬಲ್ಬು ಉರಿಯಲಿಲ್ಲ. ಸುರುಳಿಯನ್ನು ಬಿಟ್ಟು ನೇರವಾಗಿ ಸೆಲ್ಲಿಗೆ ಸೇರಿಸಿದನು; ಉರಿಯಿತು. "ಸೆಲ್ಲು ಸರಿಯಿದೆ. ಸುರುಳಿಯೊಳಗೆ ಹೋಗ್ತಾ ಇಲ್ಲ" ಎಂದನು. ಏನೂ ಆಗಲ್ಲ ಎಂಬ ಇಡೀ ಗುಡ್ಡ ಆ ಒಂದು ಮಾತಿನಲ್ಲಿ ಒಂದಂಗುಲ ತಂತಿಯಷ್ಟು ಚಿಕ್ಕದಾಯಿತು. ತಂತಿಯ ಮೇಲೆ ಬಣ್ಣದಂತೆ ಕಾಣುವ ಲೇಪ ವಿದ್ಯುತ್ತನ್ನು ತಡೆಯುತ್ತದೆ ಎಂಬುದನ್ನು ಪುಸ್ತಕದಲ್ಲಿ ಓದಿದ್ದನು. ಈಗ ತಾನೇ ಕಂಡುಕೊಂಡನು. ಉಪ್ಪುಕಾಗದದಿಂದ ಎರಡು ತುದಿಗಳನ್ನೂ ಉಜ್ಜಿ ಉಜ್ಜಿ ಹೊಳೆಯಿಸಿದನು. ಬಲ್ಬು ಉರಿಯಿತು. ಬಲ್ಬನ್ನು ತೆಗೆದು, ಪಿನ್ನಿಗೆ ಕೂರಿಸಿ ತಟ್ಟಿದನು. ಸುರುಳಿ ಅತ್ತಿತ್ತ ಎರಡು ಸಲ ತೊನೆದು ನಿಂತುಬಿಟ್ಟಿತು.

ನನಗೆ ಕಾರಣ ಗೊತ್ತಿತ್ತು. ಬಾಯಿಗೆ ಬಂದುದನ್ನು ನುಂಗಿಕೊಂಡೆ. "ನಿಲ್ಲುವಾಗ ಪ್ರತಿ ಸಲವೂ ಎಲ್ಲಿ ನಿಲ್ಲುತ್ತದೆ, ಬರೆದುಕೋ" ಎಂದಷ್ಟೇ ಹೇಳಿದೆ. ಹತ್ತು ಸಲ ತಟ್ಟಿ ಬರೆದನು. ಹತ್ತು ಸಲವೂ ಒಂದೇ ಭಂಗಿ. ಆ ದಿನ ಮೋಟಾರು ತಿರುಗಲಿಲ್ಲ. ಆದರೂ ಹುಡುಗ ಬಸ್ಸಿಗೆ ಹೊರಟಾಗ ಸುರುಳಿ ಅವನ ಜೇಬಿನಲ್ಲಿತ್ತು.

ನನ್ನ ತರಗತಿಗೆ ಅರಕಲಗೂಡು, ಚನ್ನರಾಯಪಟ್ಟಣಗಳಿಂದ ದಿನವೂ ಬರುವ ವಿದ್ಯಾರ್ಥಿಗಳಿದ್ದಾರೆ. ಆ ವಾರ ಅವರೊಡನೆ ಈ ವಿಷಯವನ್ನು ಮಾತನಾಡಿದೆ. ಅರಕಲಗೂಡಿನ ಕಡೆಯ ಒಬ್ಬ ವಿದ್ಯಾರ್ಥಿನಿಯ ತಂಗಿ ಆರನೆಯ ತರಗತಿ, ಭಾಗಾಕಾರವೆಂದರೆ ಅಳು. ಅಕ್ಕ ದಿನವೂ ಲೆಕ್ಕ ಮಾಡಿಕೊಟ್ಟು ಅಳುವನ್ನು ನಿಲ್ಲಿಸುತ್ತಿದ್ದಳು. ತಪ್ಪಾದ ಲೆಕ್ಕಗಳನ್ನು ಒಟ್ಟಿಗೆ ಇಟ್ಟು ನೋಡೆಂದು ಹೇಳಿದೆ. ನೋಡಿದರೆ ತಂಗಿಗೆ ಭಾಗಾಕಾರ ಬರುತ್ತಿತ್ತು; ಭಾಗಲಬ್ಧದ ನಡುವೆ ಸೊನ್ನೆ ಬರಬೇಕಾದಾಗ ಮಾತ್ರ ಎಡವುತ್ತಿದ್ದಳು. ೮೨೪ನ್ನು ೮ರಿಂದ ಭಾಗಿಸಿ ೧೦೩ರ ಬದಲು ೧೩ ಎಂದು ಬರೆಯುತ್ತಿದ್ದಳು. ಅಕ್ಕ ಉತ್ತರವನ್ನು ಹೇಳಿಕೊಡದೆ, "೮೨೪ ಆಲೂಗೆಡ್ಡೆಯನ್ನು ೮ ಮೂಟೆಗೆ ಹಂಚಿದರೆ ಮೂಟೆಗೆ ೧೩ ಆಗುತ್ತದೆಯೆ?" ಎಂದು ಕೇಳಿದಳಂತೆ. ಆಲೂಗೆಡ್ಡೆ ಬೆಳೆಯುವವರ ಮನೆಯ ಹುಡುಗಿಗೆ ಅಷ್ಟು ಸಾಕಾಯಿತು. ತನಗೆ ಗಣಿತವೇ ಬರುವುದಿಲ್ಲ ಎಂದು ಒಂದು ವರ್ಷ ಅತ್ತಿದ್ದ ಮಗುವಿಗೆ ಬಾರದಿದ್ದುದು ಒಂದು ಸೊನ್ನೆ.

ಚನ್ನರಾಯಪಟ್ಟಣದ ವಿದ್ಯಾರ್ಥಿ ಹೇಳಿದ್ದು ಬೇರೆ ಬಗೆಯದು. ಅವನ ತಮ್ಮ ಶಾಲೆಯಿಂದ ಬಂದು ಪುಸ್ತಕಗಳನ್ನು ಹರಿಯುತ್ತಿದ್ದನು. ಬರೆದುಕೊಂಡು ಬಾ ಎಂದರೆ ಕಾದಾಟ. ಬುದ್ಧಿವಾದ, ಏಟು, ಆಮಿಷ ಎಲ್ಲವೂ ಆದವು. ಕೊನೆಗೆ ಕಣ್ಣಿನ ವೈದ್ಯರು ನೋಡಿದಾಗ ಹುಡುಗನಿಗೆ ಕಪ್ಪುಹಲಗೆಯ ಮೇಲಿನ ಅಕ್ಷರಗಳೇ ಕಾಣುತ್ತಿರಲಿಲ್ಲ. ಕನ್ನಡಕ ಬಂದಮೇಲೆ ಕಾದಾಟ ನಿಂತಿತು. ಅಡ್ಡಿ ಮಗುವಿನ ಸ್ವಭಾವದಲ್ಲಿದೆ ಎಂದು ತೀರ್ಮಾನಿಸುವ ಮೊದಲು ಕಣ್ಣು, ಕಿವಿ, ನಿದ್ರೆ, ಓದುವುದರಲ್ಲಿಯೇ ಇರಬಹುದಾದ ವಿಶೇಷ ತೊಡಕು ಇವನ್ನೆಲ್ಲ ನೋಡಬೇಕು. ಅಕ್ಷರಗಳು ಅದಲುಬದಲಾಗಿ ಕಾಣುವ ಮಗುವಿಗೆ ತಾಳ್ಮೆಯನ್ನು ಬೋಧಿಸುವುದು ಕ್ರೌರ್ಯ. ವಾರಗಟ್ಟಲೆ ಊಟ ನಿದ್ರೆ ಬಿಟ್ಟ, ಶಾಲೆಯೆಂದರೆ ನಡುಗುವ, ಬದುಕಿ ಏನು ಪ್ರಯೋಜನ ಎಂಬಂತಹ ಮಾತನ್ನಾಡುವ ಮಗುವಿನ ವಿಷಯವಂತೂ ಅಣ್ಣ ಅಕ್ಕಂದಿ‌ರು ಒಬ್ಬರೇ ಹೊರುವ ಭಾರವಲ್ಲ. ಕೂಡಲೆ ಹಿರಿಯರಿಗೆ ತಿಳಿಸಿ ವೈದ್ಯರಲ್ಲಿಗೆ ಕರೆದೊಯ್ಯಬೇಕು. ಸರ್ಕಾರದ ಟೆಲಿ ಮಾನಸ್ ಸೇವೆಗೆ ೧೪೪೧೬ ಎಂಬ ಸಂಖ್ಯೆಗೆ ಕರೆಮಾಡಿದರೆ ಕನ್ನಡದಲ್ಲಿಯೇ ಮಾತನಾಡಬಹುದು.

ಹೊಗಳಿಕೆಯ ವಿಷಯ ಒಂದಿಷ್ಟು ಹೇಳಬೇಕು. ನನ್ನ ಅಕ್ಕ ಅದರಲ್ಲಿ ಉದಾರಿ. ಮಗ ಹುಟ್ಟಿದಂದಿನಿಂದ ಅವನು ಬಲು ಬುದ್ಧಿವಂತನೆಂದು ಅವನೆದುರಿಗೇ ಹೇಳಿಕೊಂಡು ಬಂದಿದ್ದಾಳೆ. ೧೯೯೮ರಲ್ಲಿ ಕ್ಲಾಡಿಯಾ ಮುಲ್ಲರ್ ಮತ್ತು ಕ್ಯಾರಲ್ ಡ್ವೆಕ್ ಎಂಬುವರು ಐದನೆಯ ತರಗತಿಯ ಮಕ್ಕಳಿಗೆ ಒಗಟಿನಂತಹ ಲೆಕ್ಕಗಳನ್ನು ಕೊಟ್ಟು, ಗೆದ್ದಾಗ ಕೆಲವರಿಗೆ ನೀನು ಬುದ್ಧಿವಂತ ಎಂದೂ ಕೆಲವರಿಗೆ ನೀನು ಚೆನ್ನಾಗಿ ಶ್ರಮಪಟ್ಟೆ ಎಂದೂ ಹೇಳಿದರು. ಬಳಿಕ ಬಲು ಕಠಿಣವಾದ ಲೆಕ್ಕಗಳಲ್ಲಿ ಎಲ್ಲರನ್ನೂ ಸೋಲಿಸಿ, ಮತ್ತೆ ಸುಲಭದ ಲೆಕ್ಕಗಳನ್ನು ಕೊಟ್ಟರೆ, ಬುದ್ಧಿವಂತರೆನ್ನಿಸಿಕೊಂಡವರು ಮೊದಲಿಗಿಂತ ಕಡಿಮೆ ಮಾಡಿದರು. ಶ್ರಮವನ್ನು ಹೊಗಳಿಸಿಕೊಂಡವರು ಹೆಚ್ಚು ಮಾಡಿದರು. ಈ ವಿಚಾರದ ಮೇಲೆ ಆಮೇಲೆ ದೊಡ್ಡ ದೊಡ್ಡ ಆಶೆಗಳನ್ನು ಕಟ್ಟಿದವರುಂಟು. ಸಾವಿರಾರು ವಿದ್ಯಾರ್ಥಿಗಳ ಮೇಲೆ ಪರೀಕ್ಷಿಸಿದಾಗ ಅಂಥ ಬೋಧನೆಯ ಪರಿಣಾಮ ಚಿಕ್ಕದೆಂದು ಕಂಡಿತು; ಮಾತೊಂದರಿಂದಲೇ ಪವಾಡವಾಗುವುದಿಲ್ಲ. ಆದರೂ ನಾನು ಅಕ್ಕನಿಗೆ ಹೇಳಿದೆ: ಬುದ್ಧಿವಂತ ಎನ್ನುವುದನ್ನು ಬಿಡು, ಬಲ್ಬು ಹಚ್ಚಿ ನೋಡಿದ್ದು ಒಳ್ಳೆಯ ಉಪಾಯ ಎನ್ನು. ಅವಳಿಗೆ ಅರ್ಧ ಮಾತ್ರ ಒಪ್ಪಿಗೆಯಾಯಿತು.

ಮೂರನೆಯ ಭಾನುವಾರ ಹೊಳೆನರಸೀಪುರಕ್ಕೆ ಹೋದೆ. ಪ್ರದರ್ಶನ ಆ ಹೊತ್ತಿಗೆ ಮುಗಿದುಹೋಗಿತ್ತು. ತೆಗೆಸಿದ ಹೆಸರನ್ನು ಮತ್ತೆ ಸೇರಿಸಲು ಹುಡುಗ ಕೇಳಿದ್ದನಂತೆ. ಪಟ್ಟಿ ಹೋಗಿಯಾಗಿದೆ, ಮುಂದಿನ ವರ್ಷ ನೋಡೋಣ ಎಂಬ ಉತ್ತರ ಬಂದಿತ್ತು. ಎರಡು ದಿನ ಮುಖ ಊದಿಸಿಕೊಂಡಿದ್ದನಂತೆ. ನನ್ನ ತಪ್ಪಿಗೆ ಅವನು ತೆತ್ತ ದಂಡವಿದು. ಅದನ್ನು ನಾನು ಅವನಿಗೆ ಹಾಗೆಂದೇ ಹೇಳಿದೆ.

ಜಗಲಿಯ ಮೇಲೆ ಮೋಟಾರು ತಿರುಗುತ್ತಿತ್ತು. ನಿಂತುಹೋಗುತ್ತಿದ್ದ ಸುರುಳಿಯ ರಹಸ್ಯ ಹೀಗೆ: ಅಯಸ್ಕಾಂತದ ಬಲ ಸುರುಳಿಯನ್ನು ಒಂದು ಭಂಗಿಗೆ ತಿರುಗಿಸುತ್ತದೆ, ಅದನ್ನು ದಾಟಿದ ಕೂಡಲೇ ಅದೇ ಬಲ ಹಿಂದಕ್ಕೆ ಎಳೆಯುತ್ತದೆ. ಎರಡು ತುದಿಗಳನ್ನೂ ಪೂರ್ತಿ ಉಜ್ಜಿದರೆ ವಿದ್ಯುತ್ತು ಸದಾ ಹರಿಯುವುದರಿಂದ ಸುರುಳಿ ಅಲ್ಲಿಯೇ ತೊನೆದು ನಿಲ್ಲುತ್ತದೆ. ಒಂದು ತುದಿಯಲ್ಲಿ ಅರ್ಧ ಮೈಯ ಲೇಪವನ್ನು ಮಾತ್ರ ತೆಗೆದಿದ್ದರೆ, ಹಿಂದಕ್ಕೆ ಎಳೆಯುವ ಅರ್ಧ ಸುತ್ತಿನಲ್ಲಿ ವಿದ್ಯುತ್ತು ಕಡಿದುಹೋಗಿ, ಸುರುಳಿ ತನ್ನ ಓಟದ ರಭಸದಿಂದಲೇ ಮುಂದೆ ಸಾಗುತ್ತದೆ. ನಾನು ಮೊದಲ ಭಾನುವಾರ ಮಾಡಿದ್ದು ಅದನ್ನೇ, ಆದರೆ ಏಕೆಂದು ಹೇಳಿರಲಿಲ್ಲ. ಹುಡುಗ ತನ್ನ ಹತ್ತು ಸಾಲಿನ ಟಿಪ್ಪಣಿಯನ್ನು ಪುಸ್ತಕದ ಚಿತ್ರದ ಪಕ್ಕದಲ್ಲಿಟ್ಟುಕೊಂಡು ಇದನ್ನು ಹೊಂದಿಸಿಕೊಂಡಿದ್ದನು. ಆದರೆ ತುದಿಗಳನ್ನು ಆಗಲೇ ಪೂರ್ತಿ ಉಜ್ಜಿಯಾಗಿತ್ತು. ಮನೆಯಲ್ಲಿ ಬೇರೆ ತಂತಿಯಿರಲಿಲ್ಲ.

"ಲೇಪ ಮತ್ತೆ ಎಲ್ಲಿಂದ ತಂದೆ?" ಎಂದು ಕೇಳಿದೆ.

"ನೈಲ್ ಪಾಲಿಶ್ ಮಾವ. ಅರ್ಧ ಮೈಗೆ ಹಚ್ಚಿ ಒಣಗಿಸಿದೆ" ಎಂದನು.

ಈ ಉಪಾಯ ನನಗೆ ಹೊಳೆಯುತ್ತಿರಲಿಲ್ಲ. ಸುರುಳಿ ಪಿನ್ನಿಗೆ ತುಸು ಉಜ್ಜುತ್ತಿತ್ತು. ನೆಟ್ಟಗೆ ಮಾಡೋಣವೆಂದು ಕೈಚಾಚಿದೆ. "ಮುಟ್ಟಬೇಡಿ" ಎಂದು ಹುಡುಗ ನನ್ನ ಕೈಯನ್ನು ತಡೆದನು. ಒಳಗೆ ಅವನ ಅಕ್ಕ ಖಾಲಿಯಾದ ಶೀಷೆಯನ್ನು ಹಿಡಿದುಕೊಂಡು ತಾಯಿಗೆ ದೂರು ಹೇಳುತ್ತಿರುವುದು ಕೇಳಿಸುತ್ತಿತ್ತು.